ನಾಲ್ಕು ಮಂದಿಯ ಮನೆಯಲ್ಲಿ ಪಥ್ಯದ ಮೀನು

ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಮೀನು ನೋಡಿ ಹೇಳಬಹುದು ಎಂಬುದು ಗೊತ್ತಾದ ದಿನ ನಾನು ಬೆಚ್ಚಿಬಿದ್ದೆ. ಕುಮಟಾದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ಕರಾರು ಪತ್ರದ ಪ್ರಕಾರ ನಾಲ್ಕೇ ಮಂದಿ: ನಾನು, ಹೆಂಡತಿ, ಇಬ್ಬರು ಮಕ್ಕಳು. ನೆಂಟರು ಮೂರು ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಸಹಿ ಹಾಕುವಾಗ ನಾನು ಇದನ್ನು ಓದಿರಲಿಲ್ಲ ಎಂದರೆ ನಗಬೇಡಿ. ಕಾಲೇಜಿನಲ್ಲಿ ಪಾಠ ಹೇಳುವವರು ತಮ್ಮ ಕಾಗದಗಳನ್ನು ಓದುವುದು ಕಡಿಮೆ.

ಭಟ್ಕಳದ ಹತ್ತಿರದ ಬೆಳಕೆ ಊರಿನಿಂದ ಸೋದರತ್ತೆ ಬಂದು ಒಂಬತ್ತು ದಿನವಾಗಿತ್ತು. ಕಣ್ಣಿನ ಪೊರೆ ತೆಗೆಸಿದ್ದರಿಂದ ದಿನಕ್ಕೆ ಆರು ಸಲ ಹನಿ ಹಾಕಬೇಕು. ಅಲ್ಲಿ ಮಗ, ಸೊಸೆ ಇಬ್ಬರೂ ಬೆಳಗಾದರೆ ಭಟ್ಕಳಕ್ಕೆ ಕೆಲಸಕ್ಕೆ ಓಡುವವರು, ಹಾಗಾಗಿ ನಾನೇ ಕರೆತಂದೆ. ಮೂರು ದಿನ ದಾಟಿದ ಮೇಲೆ ಅತ್ತೆಯ ಚಪ್ಪಲಿ ಮಂಚದಡಿ ಸೇರಿತು, ಸೀರೆ ಒಳಗೇ ಒಣಗಿತು. ನನ್ನ ಜಾಣತನಕ್ಕೆ ನಾನೇ ಹೆಮ್ಮೆಪಟ್ಟುಕೊಂಡಿದ್ದೆ.

ಭಾನುವಾರ ಕೆಳಗಿನ ಮನೆಯಿಂದ ಮಾಲೀಕರು ಬಂದು, ಬೇರೆ ಯಾರಾದರೂ ಇದ್ದಾರೆಯೇ ಎಂದು ಮೆತ್ತಗೆ ಕೇಳಿದರು. ಯಾರೂ ಇಲ್ಲ ಎಂದೆ.

"ಮತ್ತೆ ನೊಗಲಿ ಯಾರಿಗೆ ಮಾಸ್ತರ್ರೆ?"

ತದಡಿಯಿಂದ ಬರುವ ಮೀನಿನಾಕೆ ನಮ್ಮ ಗೇಟಿನಲ್ಲಿ ಬುಟ್ಟಿ ಇಳಿಸುತ್ತಾಳೆ. ವಾಡಿಕೆಯ ಬಂಗುಡೆಯ ಜೊತೆಗೆ ನಾವೀಗ ಎರಡು ನೊಗಲಿಯನ್ನೂ ಕೊಳ್ಳುತ್ತಿದ್ದೆವು. ನಮ್ಮ ಕಡೆ ಕಾಯಿಲೆಯವರಿಗೆ, ಬಾಣಂತಿಯರಿಗೆ ಕೊಡುವ ಮೀನು ಅದು. ಮೇಲಿನ ಮನೆಯಲ್ಲಿ ಪಥ್ಯದವರು ಹೇಗಿದ್ದಾರೆ, ಪಾಪ, ಎಂದು ಅವಳು ಮಾಲೀಕರನ್ನೇ ವಿಚಾರಿಸಿದ್ದಳು. ಹಿಂದಿನ ರಾಜರು ಗೂಢಚಾರರಿಗೆ ಸನ್ಯಾಸಿಯ ವೇಷ ಹಾಕಿಸುತ್ತಿದ್ದರಂತೆ. ಮೀನಿನ ಬುಟ್ಟಿ ಹೊರಿಸಿದ್ದರೆ ಸಾಕಿತ್ತು.

ನನಗೇ ಹೊಟ್ಟೆ ಸರಿಯಿಲ್ಲ ಎಂದು ಅವರನ್ನು ಸಾಗಹಾಕಿದೆ. ಒಳಗೆ ಹೋದರೆ ಅತ್ತೆ ಕಪ್ಪು ಕನ್ನಡಕದಲ್ಲೇ ತಡವರಿಸುತ್ತ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಯಾರೂ ಇಲ್ಲ ಅಂದ್ಯಲ್ಲ, ಆತು. ನಾ ಹೋಗ್ತೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಪರದೆಯಾಚೆ ಕೂತವರನ್ನು ಎರಡು ಮಾತಿನಲ್ಲಿ ಇಲ್ಲವಾಗಿಸಿದ ನನ್ನ ಬಾಯಿಯ ಸಲೀಸು ಕಂಡು ನನಗೇ ದಿಗಿಲಾಯಿತು. ಹೈಸ್ಕೂಲಿನ ಮೂರು ವರ್ಷ ನಾನಿದ್ದದ್ದು ಇವರ ಮನೆಯಲ್ಲಿ. ನನ್ನ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಲು ಇವರು ಭಟ್ಕಳದ ಕಚೇರಿಗೆ ಎಷ್ಟು ಸಲ ಅಲೆದರೋ. ಸರ್ಕಾರವೇ ಒಪ್ಪುವಂತೆ ನನ್ನನ್ನು ಮನೆಯವನನ್ನಾಗಿ ಮಾಡಿದ್ದರು.

ಕೆಳಗಿಳಿದು ಹೋಗಿ ಮಾಲೀಕರಿಗೆ ಐದು ಮಂದಿ ಎಂದೆ. ಕಣ್ಣು ವಾಸಿಯಾಗುವವರೆಗೂ ಐದೇ, ಅದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಐವರೂ ಮನೆ ಬಿಡುತ್ತೇವೆ ಎಂದೂ ಹೇಳಿದೆ. ಒಂದು ತಿಂಗಳು ಇರಲಿ, ಟ್ಯಾಂಕಿಯ ನೀರು ಮಾತ್ರ ನೋಡಿ ಬಳಸಿ ಎಂದರು ಅವರು. ನಿಜ ಹೇಳುವುದು ಇಷ್ಟು ಸುಲಭವೆಂದು ತಿಳಿದು ನನಗೆ ಇನ್ನೊಂದು ಆಘಾತವಾಯಿತು.

ಮೇಲೆ ಬಂದು, ಒಪ್ಪಿದರು ಎಂದೆ. ಅತ್ತೆ ಚೀಲ ಬಿಡಲಿಲ್ಲ.

"ನಾ ಯಾರು ಅಂತ ಹೇಳ್ದೆ?"

ನನ್ನ ಅತ್ತೆ ಎಂದು ಹೇಳಿದೆ ಎಂದೆ. ಅವರು ಚೀಲ ಕೆಳಗಿಟ್ಟು ಮಂಚದ ಮೇಲೆ ಮಲಗಿದರು, ಕನ್ನಡಕ ತೆಗೆದು ಕಣ್ಣು ಅಗಲಿಸಿದರು. ಹನಿ ಹಾಕುವ ಹೊತ್ತಾಗಿತ್ತು. ಒಂಬತ್ತು ದಿನ ತಪ್ಪದ ಗುರಿ ಆಗ ತಪ್ಪಿತು. ಹನಿ ಕೆನ್ನೆಗೆ ಬಿತ್ತು.

"ಎಂತ ಆಗ್ಲಿಲ್ಲ," ಎಂದರು ಅತ್ತೆ, ಕಣ್ಣು ಮುಚ್ಚದೆ. "ಇನ್ನೊಂದ್ ಹಾಕು."