ಒಣಗದ ಮೂಲೆ

ನಮ್ಮ ಗಬ್ಬದ ಹಸು ನೆಲದೊಳಕ್ಕೆ ಕುಸಿದದ್ದು ಯಾವ ದೆವ್ವದ ಕಾಟದಿಂದಲೂ ಅಲ್ಲ. ಮನೆ ಮಾರಿದವನು ಬಾಯಿ ಮುಚ್ಚಿಕೊಂಡಿದ್ದರಿಂದ. ಊರವರು ನಿಂಬೆಹಣ್ಣು ಕೊಯ್ಯಿ, ಕೋಳಿ ಕುಯ್ಯಿ ಎಂದರು. ನಾನು ಕೋಳಿಯನ್ನು ಉಳಿಸಿಕೊಂಡೆ.

ಬೆಸಗರಹಳ್ಳಿಯ ಆ ಮನೆಯಲ್ಲಿ ಬೆಳಿಗ್ಗೆ ಸಗಣಿ ಹಾಕಿ ಸಾರಿಸಿದರೆ, ಹೊತ್ತೇರುವಷ್ಟರಲ್ಲಿ ನಡುಮನೆಯೆಲ್ಲ ಒಣಗಿ ಗರಿಗರಿಯಾಗುತ್ತಿತ್ತು; ಬಡಗಣ ಮೂಲೆಯೊಂದು ಮಾತ್ರ ಸಂಜೆಯಾದರೂ ಕಾಲಿಗೆ ತಣ್ಣಗೆ ಅಂಟುತ್ತಿತ್ತು. ಗಾಳಿಯಾಡುವುದಿಲ್ಲವೇನೋ ಅಂದುಕೊಂಡೆ. ಕೊಟ್ಟಿಗೆಗೆ ಮಳೆಯ ಇರುಚಲು ಹೊಡೆಯುತ್ತದೆಂದು ಹಸುವನ್ನು ಒಳಗೆ ತಂದು ಅಲ್ಲಿ ಕಟ್ಟಿದ ದಿನ, ನೆಲ ಬಾಯಿ ಬಿಟ್ಟಿತು. ಹಗ್ಗ ಹಾಕಿ ಎಳೆದೆವು. ಹಸು ಬದುಕಿತು, ಕರು ಉಳಿಯಲಿಲ್ಲ. ಕೆಳಗೆ ನೋಡಿದರೆ ಹಗೇವು! ಹಿಂದಿನವರು ರಾಗಿ ತುಂಬಿಡುತ್ತಿದ್ದ ಆಳದ ಗುಂಡಿ. ನಾಲೆ ಬಂದ ಮೇಲೆ ಅದರೊಳಗೆ ನೀರು ಜಿನುಗಿ ರಾಗಿ ಕೊಳೆತಿದೆ. ಮನೆಯ ಹಿಂದಿನ ಯಜಮಾನ ಕೆಂಚಪ್ಪ ಗುಂಡಿಯ ಬಾಯಿಗೆ ಹಲಗೆ ಮುಚ್ಚಿ, ಮಣ್ಣು ಮೆತ್ತಿ, ಅಂದವಾಗಿ ಸಾರಿಸಿ ನಮಗೆ ಮಾರಿದ್ದಾನೆ.

ಹೋಗಿ ಕೇಳಿದೆ. "ಅಗೇವು ಐತೆ ಅಂತ ಯಾಕ್ಲಾ ಯೋಳ್ನಿಲ್ಲ?"

"ನೀನ್ ಕೇಳ್ನಿಲ್ಲ ಕಣಕ್ಕ."

"ನೆಲದಾಗೆ ಬಾವಿ ಐತಾ, ಅಟ್ಟದ ಮ್ಯಾಲೆ ಉಲಿ ಐತಾ ಅಂತ ಒಂದೊಂದ್ನೇ ಕೇಳ್ಬೇಕಿತ್ತಾ?"

"ನಿಧಿ, ನಿಕ್ಷೇಪ, ಜಲ, ಎಲ್ಲಾನೂವೆ ಪತ್ರದಲ್ಲಿ ಬರ್ಕೊಟ್ಟಿವ್ನಲ್ಲಕ್ಕ. ಆ ನೀರೂ ನಿಂದೇ ಬುಡು."

ನೋಡಿ, ಇದಕ್ಕೇನು ಹೇಳುತ್ತೀರಿ? ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುತ್ತೇವೆ, ಸುಳಿ ಹುಡುಕುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ. ಮನೆಯನ್ನು ನಡೆಸಿ ನೋಡುವುದು ಹೇಗೆ? ನಾನು ಓದಿದವಳಲ್ಲ, ಹೆಸರು ಬರೆಯುವಷ್ಟರಲ್ಲಿ ಕೈ ನೋಯುತ್ತದೆ. ಆದರೂ ಮದ್ದೂರಿನ ವಕೀಲರ ಜಗಲಿಯ ಮೇಲೆ ಅರ್ಧ ದಿನ ಕೂತು ಕೇಳಿಕೊಂಡು ಬಂದೆ: ಕಣ್ಣಿಗೆ ಕಾಣುವ ಕೊರತೆಯನ್ನು ಕೊಳ್ಳುವವನೇ ನೋಡಿಕೊಳ್ಳಬೇಕಂತೆ, ಕಾಣದ ಕೊರತೆ ಗೊತ್ತಿದ್ದರೆ ಮಾರುವವನು ಹೇಳಲೇಬೇಕಂತೆ, ಹಾಗೆಂದು ಕಾನೂನೇ ಇದೆಯಂತೆ. ಇಷ್ಟು ಹೇಳುವುದಕ್ಕೂ ಕಾನೂನು ಬೇಕಾಯಿತಲ್ಲ! ಕೂಸಿನ ಕೈಗೆ ಬಿಸಿ ರೊಟ್ಟಿ ಕೊಡುವಾಗ "ಸುಡ್ತದೆ" ಎನ್ನುವುದಕ್ಕೆ ಯಾವ ಸರ್ಕಾರದ ಅಪ್ಪಣೆ ಇದೆ? ದಾವೆ ಹಾಕೋಣವೆಂದರೆ ವರ್ಷಗಟ್ಟಲೆ ಅಲೆದಾಟ, ಮನೆಯಲ್ಲಿ ಕೆಲಸ ಯಾರು ಮಾಡುವುದು? ಗುಂಡಿಗೆ ಮಣ್ಣು ಸುರಿದು, ಮೇಲೆ ಚಪ್ಪಡಿ ಎಳೆದೆವು. ನಾಲೆಗೆ ನೀರು ಬಿಟ್ಟಾಗಲೆಲ್ಲ ಆ ಮಣ್ಣು ಕರಗಿ ಕೆಳಗಿಳಿಯುತ್ತಿತ್ತು, ನಾವು ಚಪ್ಪಡಿ ಎತ್ತಿ ಮತ್ತೆ ಸುರಿಯುತ್ತಿದ್ದೆವು.

ಆಮೇಲೆ ಮಗನಿಗೆ ಮಂಡ್ಯದಲ್ಲಿ ಕೆಲಸವಾಗಿ ಮನೆ ಮಾರುವ ಸರದಿ ನಮಗೇ ಬಂತು. ಮಳವಳ್ಳಿಯಿಂದ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಖಾದರ್ ಸಾಬರು ಹೆಂಡತಿಯನ್ನು ಕರೆದುಕೊಂಡು ಮನೆ ನೋಡಲು ಬಂದರು. ಆಯಮ್ಮ ಮನೆಯನ್ನೆಲ್ಲ ಸುತ್ತಿ, ನೇರವಾಗಿ ಬಡಗಣ ಮೂಲೆಗೇ ಬಂದು ನಿಂತರು.

"ಈ ಮೂಲೆ ತಣ್ಣಗೈತೆ ಕಣಮ್ಮ. ನನ್ ಮಗ್ಳು ಬಾಣಂತನಕ್ಕೆ ಬತ್ತಾಳೆ, ತೊಟ್ಲು ಇಲ್ಲೇ ಕಟ್ಟುಸ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ನಡುವೆ ಬಂದು, ನಾಳೆ ಬೆಳಿಗ್ಗೆ ಮಾತು ಮುಗಿಸೋಣವೆಂದು ಅವರನ್ನು ಸಾಗಹಾಕಿದ. ಅವರು ಬೀದಿ ದಾಟಿದ ಮೇಲೆ ನನ್ನ ಕಡೆ ತಿರುಗಿದ.

"ಅಗೇವಿನ್ ಮಾತು ಎತ್ಬೇಡ ಕಣವ್ವ. ಗೊತ್ತಾದ್ರೆ ಯಾರ್ ತಕ್ಕೊಂಡಾರು? ನಮ್ಗೆ ಯಾರಾದ್ರೂ ಯೋಳಿದ್ರಾ?"

"ಯೋಳ್ನಿಲ್ಲ ಅಂತ್ಲೇ ಅವತ್ತು ಕರು ಓಯ್ತು ಕಣ್ಲಾ. ನಾಳೆ ಅಲ್ಲಿ ತೊಟ್ಲು ಕಟ್ಟುಸ್ತಾರೆ."

"ಚಪ್ಪಡಿ ಐತಲ್ಲವ್ವ."

"ಚಪ್ಪಡಿ ಕೆಳಗೆ ಏನೈತೆ?"

ಹೆತ್ತು ಸಾಕಿದ ಮಗನ ಬಾಯಲ್ಲಿ ಕೆಂಚಪ್ಪನ ಮಾತು ಕೇಳುವುದಕ್ಕಿಂತ ಮನೆ ಮಾರದೆ ಇರುವುದೇ ಲೇಸೆಂದು ನನಗೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ನಾನು ನೆಲ ಸಾರಿಸಲಿಲ್ಲ. ಗುದ್ದಲಿಯಿಂದ ಆ ಮೂಲೆಯನ್ನು ಕೆರೆದು, ಗೊಣಗುತ್ತಿದ್ದ ಮಗನ ಕೈಯಿಂದಲೇ ಚಪ್ಪಡಿ ಎತ್ತಿಸಿ, ಗುಂಡಿಯ ಬಾಯಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ಸಾಬರ ಹೆಂಡತಿ ಹೊಸ್ತಿಲಿಗೆ ಬಂದಾಗ ಕೈ ಅಡ್ಡ ಹಿಡಿದು, "ನಿಧಾನ ಕಣಮ್ಮ, ಮೊದ್ಲು ಇದ್ನ ನೋಡು. ರೇಟು ಆಮೇಲೆ ಮಾತಾಡವ" ಎಂದೆ.