ಹಸಿ ಗೋಡೆಯ ಅಕ್ಕೋರು

ಡ್ರಾಯಿಂಗ್ ಅಕ್ಕೋರ ಬಲಗೆನ್ನೆಗೆ ಯಾವಾಗಲೂ ಸುಣ್ಣ ಮೆತ್ತಿರುತ್ತಿತ್ತು. ಗೋಡೆಗೆ ಕುಂಚ ತಾಗಿಸುವ ಮೊದಲು ಅವರು ಕೆನ್ನೆ ತಾಗಿಸಿ ನಿಲ್ಲುತ್ತಿದ್ದರು, ಜ್ವರ ಬಂದ ಮಗುವನ್ನು ನೋಡುವಂತೆ. ಒಳಗಿನ ತೇವ ಕೈಗೆ ತಿಳಿಯುವುದಿಲ್ಲವಂತೆ, ಕೆನ್ನೆಗೇ ತಿಳಿಯುವುದಂತೆ. ಅದೇ ಮುಖದಲ್ಲಿ ಬಸ್ಸು ಹತ್ತುತ್ತಿದ್ದರು. ಕಂಡಕ್ಟರ್ ನಕ್ಕರೆ ತಾವೂ ನಗುತ್ತಿದ್ದರೇ ಹೊರತು ಒರೆಸಿಕೊಳ್ಳುತ್ತಿರಲಿಲ್ಲ.

ಭಾಲ್ಕಿಯ ಹೈಸ್ಕೂಲಿನಲ್ಲಿ ನನಗೆ ಚಿತ್ರ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಚಿಂತಾಕಿ, ಠಾಣಾ ಕುಶನೂರ ಎಂದು ಕರೆದವರ ಊರಿಗೆಲ್ಲ ಹೋಗಿ ಗೋಡೆಗೆ ಚಿತ್ರ ಬರೆಯುತ್ತಿದ್ದರು. ಬೀದರಿಗೆ ಹೋದರೆ ಉಳಿದವರು ಸೀರೆ ತಂದಾರು, ಇವರು ಕೆಮ್ಮಣ್ಣು ಕಟ್ಟಿಕೊಂಡು ಬರುತ್ತಿದ್ದರು. ಜನರ ಲೆಕ್ಕದಲ್ಲಿ ಗೋಡೆ ಚಿತ್ರವೆಂದರೆ ಹಾಳೆಯ ಚಿತ್ರವನ್ನೇ ಹಿಗ್ಗಿಸಿ, ಒಣಗಿದ ಗೋಡೆಗೆ ದಪ್ಪಗೆ ಆಯಿಲ್ ಪೇಂಟ್ ಬಳಿಯುವುದು. ಒಮ್ಮೆ ಬರೆದರೆ ಮೊಮ್ಮಕ್ಕಳ ಕಾಲಕ್ಕೂ ಅಲುಗದಂತೆ. ಈ ಮಾತು ಕೇಳಿದರೆ ಅಕ್ಕೋರಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ದಪ್ಪ ಹಚ್ಚಿದ್ರ ಹಪ್ಪಳ ಆಗಿ ಏಳ್ತದರಿ. ಗ್ವಾಡಿಗೇ ಆಯುಷ್ಯ ಇಷ್ಟು ಅಂತ ಇರ್ತದ, ಚಿತ್ರಕ್ಕ ಎಲ್ಲಿಂದ ತರಬೇಕು?" ಎಂದು ಕರೆಸಿದ ಯಜಮಾನನ ಮುಂದೆಯೇ ಹೇಳುತ್ತಿದ್ದರು. ಸಂಕೋಚ ಅವರ ಜಾಯಮಾನದಲ್ಲೇ ಇರಲಿಲ್ಲ.

ನಾನು ಸೊಸೆಯಾಗಿ ಬಂದ ಹಲಬರ್ಗಾದ ಮನೆಯ ಪಡಸಾಲೆಯಲ್ಲಿ ನನ್ನ ಮಾವನನ್ನು ಬರೆದವರೂ ಅವರೇ. ಮಾವ ಕುರಿ ಕಾಯ್ದು ಬಾಳಿದವರು. ತೀರಿಕೊಂಡಾಗ ಮನೆಯಲ್ಲಿದ್ದದ್ದು ರೇಷನ್ ಕಾರ್ಡಿನ ಫೋಟೋ ಒಂದೇ, ಅದರಲ್ಲಿ ಕಳ್ಳನ ಹಾಗೆ ಹೆದರಿ ಕೂತಿದ್ದರು. ಬದುಕಿದ್ದಾಗ ಅವರನ್ನು ಕಂಡಿದ್ದ ಅಕ್ಕೋರು ಕೆಮ್ಮಣ್ಣು, ಕಾಡಿಗೆಯಲ್ಲಿ ಅವರನ್ನು ಕುರಿಗಳ ನಡುವೆ, ಬಲ ಹೆಗಲಿಗೆ ಕಂಬಳಿ ಹೊದಿಸಿ ನಿಲ್ಲಿಸಿದರು. ಅಂದಿನಿಂದ ಅತ್ತೆ ಮುಂಜಾನೆಯ ಚಹಾವನ್ನು ಆ ಗೋಡೆಯ ಬುಡದಲ್ಲೇ ಕುಡಿಯತೊಡಗಿದರು.

ದೀಪಾವಳಿಗೆ ಮನೆಗೆಲ್ಲ ಸುಣ್ಣ ಹಚ್ಚುವುದು ನಮ್ಮ ರೂಢಿ. ಹೊಗೆಗೆ ಮಸುಕಾದ ಆ ಚಿತ್ರದ ಮೇಲೂ ಅತ್ತೆ ತೆಳ್ಳಗೆ ಒಂದು ಕೈ ಸುಣ್ಣ ಎಳೆದರು. ಹಸಿ ಸುಣ್ಣದ ಅಡಿಯಲ್ಲಿ ಮಾವ ನಿಚ್ಚಳವಾಗಿ ಕಾಣುತ್ತಿದ್ದರು; ಗಂಡನ ಮುಖ ತೊಳೆದಂತಾಯಿತೆಂದು ಅತ್ತೆಗೆ ಖುಷಿ. ಒಣಗಿದರೆ ಸುಣ್ಣ ಬೆಳ್ಳಗಾಗುತ್ತದೆಂದು ಜನ್ಮವಿಡೀ ಸುಣ್ಣ ಹಚ್ಚಿದ ಕೈಗೆ ಗೊತ್ತಿಲ್ಲವೇ? ಗೊತ್ತು. ಆದರೆ ಅವರು ಸುಣ್ಣ ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದರು. ಮಧ್ಯಾಹ್ನಕ್ಕೆ ಮಾವ ಇಲ್ಲ, ಬರೀ ಬಿಳಿ ಗೋಡೆ. "ನನ್ನ ಕೈಲೇ ಅಳಿಸಿದ್ನೆವ್ವಾ" ಎಂದು ಅತ್ತೆ ಊಟ ಬಿಟ್ಟು ಕೂತರು.

ಸುಣ್ಣ ಕೆರೆದು ತೆಗೆಯಲೇ ಎಂದು ಅಕ್ಕೋರಿಗೆ ಫೋನ್ ಮಾಡಿದೆ.

"ಕೆರದ್ರ ಸುಣ್ಣದ ಕೂಡ ನಿಮ್ಮ ಮಾವನೂ ಕಿತಗೊಂಡು ಬರ್ತಾರ. ಸುಮ್ಮ ಇರು, ಬರ್ತೇನಿ."

ಮರುದಿನ ಬಂದವರೇ ಗೋಡೆಗೆ ಕೆನ್ನೆ ಕೊಟ್ಟರು. ಅತ್ತೆಯ ಕೈಗೆ ತಂಬಿಗೆ ಕೊಟ್ಟು ನೀರು ಚಿಮುಕಿಸಲು ಹೇಳಿದರು. ಒದ್ದೆಯಾದಲ್ಲಿ ಮೊದಲು ಒಂದು ಕುರಿಯ ಕಿವಿ ಮಸುಕಾಗಿ ಕಂಡಿತು, ಆಮೇಲೆ ರುಮಾಲು, ಆಮೇಲೆ ಮಾವನ ಮೀಸೆ. ಅತ್ತೆ ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟರು.

"ನಿಂದರಬ್ಯಾಡ್ರಿ. ತೆಳ್ಳಗ ಇನ್ನೊಂದು ಕೈ ಸುಣ್ಣ ಹಚ್ಚರಿ," ಎಂದರು ಅಕ್ಕೋರು.

"ಮತ್ತ ಸುಣ್ಣೇನ್ರಿ? ಬ್ಯಾಡ್ರಿ ಅಕ್ಕೋರ."

"ಒಣಾ ಗ್ವಾಡಿ ಬಣ್ಣ ಬರೇ ಹೊತಗೊಂಡು ನಿಂದರ್ತದ. ಹಸಿ ಸುಣ್ಣ ಬಣ್ಣ ಕುಡಿತದ. ಜಲ್ದಿ ಹಚ್ಚರಿ, ಒಣಗತದ."

ಅತ್ತೆ ಮುಂದೆ ಮುಂದೆ ಸುಣ್ಣ ಹಚ್ಚಿದರು, ಅಕ್ಕೋರು ಹಿಂದೆಯೇ ಕೆಮ್ಮಣ್ಣಿನಲ್ಲಿ ಗೆರೆ ಎಳೆದರು. ಕಂಬಳಿಗೆ ಬಂದಾಗ ಅತ್ತೆ ಮೆಲ್ಲಗೆ, "ಅವರು ಎಡಾ ಹೆಗಲಿಗಿ ಹಾಕ್ತಿದ್ರರಿ" ಎಂದರು.

"ಹೋದ ಸರ್ತಿ ಯಾಕ ಹೇಳ್ಲಿಲ್ಲ?"

"ಗ್ವಾಡಿ ಮ್ಯಾಲ ಬರದದ್ದು ಬದಲಾಗಲ್ಲ ಅನಕೊಂಡಿದ್ದೆರಿ."

ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಲ ಹೆಗಲಿನ ಕಂಬಳಿಯನ್ನು ಸುಣ್ಣದೊಳಗೇ ಬಿಟ್ಟು, ಎಡ ಹೆಗಲಿಗೆ ಹೊಸದು ಹೊದಿಸಿದರು.

ಆಮೇಲೆ ಪ್ರತಿ ದೀಪಾವಳಿಗೂ ಬಂದು ಹೊಸ ಸುಣ್ಣದ ಮೇಲೆ ಮಾವನನ್ನು ಮತ್ತೆ ಬರೆಯುತ್ತಿದ್ದರು. ನನ್ನ ಕೈಗೂ ಕುಂಚ ಕೊಟ್ಟು, ತಪ್ಪಿದರೆ ಮಣಿಕಟ್ಟಿಗೆ ಹೊಡೆಯುತ್ತಿದ್ದರು. ಈ ಬೇಸಿಗೆಯಲ್ಲಿ ಅಕ್ಕೋರು ಹೋದರು. ಮಲಗಿಸುವಾಗ ಯಾರೋ ಅವರ ಕೆನ್ನೆ ತೊಳೆದು ಸ್ವಚ್ಛ ಮಾಡಿದ್ದರು. ಅದನ್ನು ನೋಡಿಯೇ ನನಗೆ ಅಳು ತಡೆಯಲಾಗಲಿಲ್ಲ.

ಹಬ್ಬ ಬಂತು. ಗೋಡೆಗೆ ಕೆನ್ನೆ ಕೊಟ್ಟೆ. ಅತ್ತೆ ಸುಣ್ಣ ಎಳೆದರು. ಅಡಿಯಲ್ಲಿ ಮಾವ ಕಂಡರು, ಅಕ್ಕೋರ ಹೋದ ವರ್ಷದ ಗೆರೆಯಲ್ಲಿ. ಆ ಗೆರೆಯ ಮೇಲೆ ನನ್ನದನ್ನು ಎಳೆಯಲು ಕೈ ಏಳಲಿಲ್ಲ. ಸುಣ್ಣ ಆಗಲೇ ಅಂಚಿನಿಂದ ಬೆಳ್ಳಗಾಗುತ್ತಿತ್ತು.

"ಅಕ್ಕೋರು ಸುಣ್ಣದ ಕೆಳಗ ಇದ್ದೇ ಇರ್ತಾರವ್ವ," ಎಂದರು ಅತ್ತೆ. "ಜಲ್ದಿ ಮಾಡು, ಒಣಗತದ."

ಕೆಮ್ಮಣ್ಣಿಗೆ ಕುಂಚ ಅದ್ದಿ, ಮೊದಲು ಕಂಬಳಿಯನ್ನು ಎಡ ಹೆಗಲಿಗೆ ಹಾಕಿದೆ.