ಕಾಕಾನ ತಾಳಕ್ಕೆ ಎರಡು ಆಂಪ್ಲಿಫೈಯರ್

ಒಂದು ಜೋಡಿ ಸ್ಪೀಕರಿಗೆ ಎರಡು ಆಂಪ್ಲಿಫೈಯರ್ ಯಾಕೆ ಎಂದು ಹುಮನಾಬಾದಿನ ನಮ್ಮ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಹುಚ್ಚು ಎನ್ನುತ್ತೇನೆ. ಅದು ಅರ್ಧ ನಿಜ.

ಬಸವಕಲ್ಯಾಣದ ಭಜನಾ ಮೇಳದಲ್ಲಿ ಅಪ್ಪ ಮುಂದೆ ಕೂತು ಹಾಡುತ್ತಿದ್ದರು, ಅವರ ತಮ್ಮ, ನಮ್ಮ ಕಾಕಾ, ಹಿಂದೆ ಕೂತು ತಾಳ ಬಾರಿಸುತ್ತಿದ್ದ. ಕಾಕಾ ತೀರಿಕೊಳ್ಳುವ ಮೊದಲಿನ ಕೊನೆಯ ಭಜನೆಯನ್ನು ಯಾರೋ ರೆಕಾರ್ಡ್ ಮಾಡಿದ್ದರು. ಅಂದು ಬೆಳಿಗ್ಗೆ ಯಾವ ಪದ ಮೊದಲು ಹಾಡಬೇಕೆಂದು ಇಬ್ಬರೂ ಜಗಳಾಡಿದ್ದರು. ಆ ರೆಕಾರ್ಡ್ ಹಚ್ಚಿದಾಗಲೆಲ್ಲ ಅಪ್ಪನದು ಒಂದೇ ಮಾತು: “ಸಿಟ್ಟೀಲೆ ಅವ ತಾಳಾನೇ ಬಾರಿಸಿಲ್ಲ ನೋಡು.”

ತಾಳ ನಮಗೆಲ್ಲ ಕೇಳುತ್ತಿತ್ತು. ಅಪ್ಪನ ಕಿವಿ ಮಂದವಾಗಿ, ತೆಳ್ಳನೆಯ ಧ್ವನಿಗಳು ಎಂದೋ ಕೈಬಿಟ್ಟಿದ್ದವು. ಹೇಳಿದರೆ, “ಸಮಾಧಾನಕ್ಕ ಸುಳ್ಳು ಹೇಳಬ್ಯಾಡ್ರಿ” ಎನ್ನುತ್ತಿದ್ದರು. ಕಿವಿಯ ಮಷೀನು ತಂದರೆ ಅದು ಟ್ರಂಕು ಸೇರಿತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ತಾಳ ಅಪ್ಪನಿಗೆ ಕೇಳಿಸಲೇಬೇಕೆಂದು ಎರಡು ಆಂಪ್ಲಿಫೈಯರ್ ತಂದೆ. ಮೊದಲು ಪ್ರತಿ ಆಂಪ್ಲಿಫೈಯರಿನ ಎರಡೂ ಚಾನಲ್ ಒಂದು ಮಾಡಿ ಒಂದೊಂದು ಸ್ಪೀಕರಿಗೆ ಕೊಟ್ಟೆ. ಬ್ರಿಜ್ ಮಾಡುವುದೆಂದರೆ ಇದೇ. ಬಲ ಬಂತು. ತಬಲಾದ ಎಡಗಡೆಯ ಡಗ್ಗಾದ ಏಟಿಗೆ ಅಡುಗೆಮನೆಯ ತಾಟುಗಳು ಗಡಗಡ ಅಂದವು. “ಡಗ್ಗಾ ಮಸ್ತ್ ಅದ,” ಎಂದರು ಅಪ್ಪ. ತಾಳದ ಸುದ್ದಿಯೇ ಇಲ್ಲ. ಎಲ್ಲವನ್ನೂ ಜೋರು ಮಾಡಿದರೆ ತಾಳವೊಂದೇ ಎದ್ದು ಬರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮರುವಾರ ವೈರುಗಳನ್ನು ಬಿಚ್ಚಿ ಬೇರೆ ಥರ ಜೋಡಿಸಿದೆ. ಒಂದು ಆಂಪ್ಲಿಫೈಯರ್ ಎರಡೂ ಸ್ಪೀಕರುಗಳ ಕೆಳಗಿನ, ದಪ್ಪ ಧ್ವನಿಯ ದೊಡ್ಡ ಕೋನಿಗೆ, ಇನ್ನೊಂದು ಮೇಲಿನ, ತೆಳ್ಳನೆಯ ಧ್ವನಿಯ ಸಣ್ಣ ಟ್ವೀಟರಿಗೆ. ಈಗ ತಾಳವಿರುವ ತೆಳ್ಳನೆಯ ಧ್ವನಿಯನ್ನಷ್ಟೇ ಏರಿಸಬಹುದಿತ್ತು. ಏರಿಸಿದೆ.

ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. ತಾಳದ ಒಂದೊಂದು ಪೆಟ್ಟಿಗೂ ಕಣ್ಣು ಮುಚ್ಚಿ ಮುಖ ಕಿವುಚುತ್ತಿದ್ದಳು.

“ಅಪ್ಪಾ, ಈಗರ ಕೇಳಸಾಕತ್ತದೇನು?” ಎಂದು ಕೂಗಿದೆ.

ಅಪ್ಪ ಇಲ್ಲವೆಂದು ತಲೆಯಾಡಿಸಿದರು. ನನಗೆ ಬಹಳ ಬೇಸರವಾಯಿತು. ಬಂದ್ ಮಾಡಲು ಸ್ವಿಚ್ಚಿಗೆ ಕೈ ಹಾಕಿದೆ.

“ತಡಿ,” ಎಂದರು.

ಅವರು ಸೊಸೆಯ ಮುಖವನ್ನೇ ನೋಡುತ್ತಿದ್ದರು. ಅವಳು ಕಣ್ಣು ಮುಚ್ಚಿದಾಗಲೆಲ್ಲ ಅವರ ಬೆರಳು ತೊಡೆಯ ಮೇಲೆ ಬೀಳತೊಡಗಿತು. ಪದ ಮುಗಿಯುವವರೆಗೂ ಒಂದು ಪೆಟ್ಟೂ ತಪ್ಪಲಿಲ್ಲ.

“ಬಾರಿಸ್ಯಾನಲ್ಲೋ,” ಎಂದರು ಅಪ್ಪ. “ಕಡೀತನಕ ಬಾರಿಸ್ಯಾನ.”